ಗಂಟಿಲ್ಲದ ನ್ಯಾನೊ ಎಳೆ: ಕರಗುವ ಪಾಲಿಮರ್ ನೂಲಿಗೆ ಕಾರ್ಬನ್ ನ್ಯಾನೊಟ್ಯೂಬಿನ ಬಲ ಕೊಡುವುದು ಹೇಗೆ?

ರಾಗಿ ಮುದ್ದೆ ತಿರುವಿದವರಿಗೆ ಗಂಟು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ಒಳ್ಳೆಯದೇ, ಎಸರು ಚೆನ್ನಾಗಿಯೇ ಕುದಿದಿದೆ. ಆದರೂ ಕೋಲು ಆಡಿಸುವುದು ಒಂದು ಗಳಿಗೆ ತಡವಾದರೆ ಒಳಗೆಲ್ಲ ಹಸಿ ಹಿಟ್ಟಿನ ಗಂಟು. ಕಾರ್ಬನ್ ನ್ಯಾನೊಟ್ಯೂಬನ್ನು, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಯನ್ನು, ಪಾಲಿಮರ್‌ಗೆ ಬೆರೆಸುವ ಕೆಲಸವೂ ಹೆಚ್ಚುಕಡಿಮೆ ಹೀಗೇ. ದುಬಾರಿ ಟ್ಯೂಬ್ ತಂದು ಸುಮ್ನೆ ಸುರಿದು ಕಲಕಿದರೆ ಗಂಟಾಗುತ್ತದೆ. ಗಂಟು ಇರುವ ಎಳೆ, ಏನೂ ಬೆರೆಸದ ಎಳೆಗಿಂತಲೂ ಬೇಗ ಹರಿಯುತ್ತದೆ. ಯಾಕೆಂದರೆ ಹರಿಯುವುದು ಶುರುವಾಗುವುದೇ ಆ ಗಂಟಿನ ಹತ್ತಿರ.

ಈ ಲೇಖನ ಪಾಲಿಮರ್, ಜವಳಿ ಅಥವಾ ಬಯೋಮೆಡಿಕಲ್ ಪ್ರಾಜೆಕ್ಟ್ ಮಾಡುವ ಎಂ.ಎಸ್ಸಿ, ಎಂ.ಟೆಕ್ ವಿದ್ಯಾರ್ಥಿಗಳಿಗೆ ಮತ್ತು ಪಿಎಚ್‌.ಡಿ.ಯ ಮೊದಲ ವರ್ಷದಲ್ಲಿ ಇರುವವರಿಗೆ. ಇಲ್ಲಿ ಎಳೆ ತೆಗೆಯುವುದು ಎಲೆಕ್ಟ್ರೋಸ್ಪಿನ್ನಿಂಗ್ ದಾರಿಯಲ್ಲಿ, ಅಂದರೆ ಸೂಜಿಯಿಂದ ಬರುವ ಪಾಲಿಮರ್ ದ್ರಾವಣವನ್ನು ಹೆಚ್ಚಿನ ವೋಲ್ಟೇಜಿನಿಂದ ಎಳೆದು. ಹೆಚ್ಚಿನವರು ಸೂಜಿ, ವೋಲ್ಟೇಜ್, ಎಳೆ ತೆಗೆಯುವುದರ ಮೇಲೇ ಗಮನ ಇಡುತ್ತಾರೆ. ನನ್ನ ಪ್ರಕಾರ ಗೆಲುವು ಸೋಲು ಅದಕ್ಕೆ ಮೊದಲೇ ತೀರ್ಮಾನ ಆಗಿರುತ್ತದೆ. ಟ್ಯೂಬಿನ ಮೈಯನ್ನು ಹೇಗೆ ಬದಲಾಯಿಸಿದಿರಿ, ಅದನ್ನು ದ್ರಾವಕದಲ್ಲಿ ಹೇಗೆ ಹರಡಿದಿರಿ ಅನ್ನುವುದರಲ್ಲಿ. ಹಾಗಾಗಿ ಇಲ್ಲೂ ಆ ಭಾಗವೇ ಉದ್ದ ಇದೆ.

ಲೆಕ್ಕ ಮೊದಲು

ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ 1991ರಲ್ಲಿ ಹಲವು ಪದರದ ನ್ಯಾನೊಟ್ಯೂಬುಗಳ ಬಗ್ಗೆ ಬರೆದ ಮೇಲೆ ಜಗತ್ತೆಲ್ಲ ಇದರ ಹಿಂದೆ ಬಿತ್ತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೂ ಸಿ.ಎನ್.ಆರ್. ರಾವ್ ಅವರ ತಂಡ ನ್ಯಾನೊಟ್ಯೂಬಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ದೋಷವಿಲ್ಲದ ಟ್ಯೂಬಿನ ಬಿಗಿತ, ಅಂದರೆ ಎಳೆದರೂ ಹಿಗ್ಗದಿರುವ ಗುಣ, ಸುಮಾರು 1,000 ಗಿಗಾಪಾಸ್ಕಲ್. ಉಕ್ಕಿನದು ಸುಮಾರು 200. ನಾವು ಇಲ್ಲಿ ಬಳಸುವ, ದೇಹದೊಳಗೆ ನಿಧಾನವಾಗಿ ಕರಗುವ ಪಾಲಿಮರ್ ಆದ ಪಾಲಿಕ್ಯಾಪ್ರೊಲ್ಯಾಕ್ಟೋನ್, ಅಂದರೆ ಪಿಸಿಎಲ್, ಅರ್ಧ ಗಿಗಾಪಾಸ್ಕಲ್ ಕೂಡ ಮುಟ್ಟುವುದು ಕಷ್ಟ.

ಈಗ ಪಿಸಿಎಲ್‌ಗೆ ತೂಕದಲ್ಲಿ ಶೇ 0.5ರಷ್ಟು ಟ್ಯೂಬ್ ಹಾಕಿದಿರಿ ಅಂದುಕೊಳ್ಳಿ. ಟ್ಯೂಬಿನ ಸಾಂದ್ರತೆ ಘನ ಸೆಂ.ಮೀ.ಗೆ 1.8 ಗ್ರಾಂ, ಪಿಸಿಎಲ್‌ದು 1.145 ಅಂತ ಹಿಡಿದರೆ ಗಾತ್ರದಲ್ಲಿ ಅದು ಶೇ 0.32 ಆಗುತ್ತದೆ. ಅಷ್ಟು ಟ್ಯೂಬೂ ಎಳೆಯ ಉದ್ದಕ್ಕೆ ನೇರವಾಗಿ ಮಲಗಿ, ಪಾಲಿಮರ್ ತನ್ನ ಭಾರವನ್ನೆಲ್ಲ ಅದಕ್ಕೆ ದಾಟಿಸಿದರೆ ಬಿಗಿತ 3.2 ಗಿಗಾಪಾಸ್ಕಲ್‌ನಷ್ಟು ಏರಬೇಕು. ಅಂದರೆ ಹಲವು ಪಟ್ಟು. ಲ್ಯಾಬಿನಲ್ಲಿ ಹಾಗೆ ಆಗುವುದಿಲ್ಲ. ಮಾರುಕಟ್ಟೆಯ ಟ್ಯೂಬಿನಲ್ಲಿ ದೋಷಗಳಿರುತ್ತವೆ, ಟ್ಯೂಬ್ ಸೊಟ್ಟಗಿರುತ್ತದೆ, ಗಂಟು ಕಟ್ಟಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಮೈ ಎಷ್ಟು ನುಣುಪು ಅಂದರೆ ಪಾಲಿಮರ್ ಹಿಡಿದುಕೊಳ್ಳಲು ಜಾಗವೇ ಇಲ್ಲ. ಎಳೆದರೆ ಒರೆಯಿಂದ ಕತ್ತಿ ಜಾರಿ ಬಂದಹಾಗೆ ಟ್ಯೂಬ್ ಜಾರಿ ಹೊರಬರುತ್ತದೆ. ಈ ಜಾರುವಿಕೆಯನ್ನು ತಡೆಯುವುದಕ್ಕೇ ಮೈ ಬದಲಾಯಿಸುವುದು.

ಪಿಸಿಎಲ್ ಯಾಕೆ ಆರಿಸಿಕೊಂಡೆ? ಸುಲಭವಾಗಿ ಎಳೆಯಾಗುತ್ತದೆ, ಹೊಸಬರ ತಪ್ಪನ್ನು ತಾಳಿಕೊಳ್ಳುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ, ಇದಕ್ಕಿಂತ ಬಿಗಿ. ಆದರೆ ಪೆಡಸು, ಪಟ್ಟನೆ ಮುರಿಯುತ್ತದೆ. ಪಿಸಿಎಲ್ ದೇಹದೊಳಗೆ ಪೂರ್ತಿ ಕರಗಲು ಎರಡು ವರ್ಷಕ್ಕೂ ಹೆಚ್ಚು ಬೇಕು. ವಾರ, ತಿಂಗಳ ಲೆಕ್ಕದಲ್ಲಿ ಕರಗಬೇಕಿದ್ದರೆ ಪಿಎಲ್‌ಜಿಎ ಅನ್ನುವ ಇನ್ನೊಂದು ಪಾಲಿಮರ್ ಕಡೆ ಹೋಗಿ. ಮುಂದಿನ ಹಂತಗಳು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ, ದ್ರಾವಕ ಮತ್ತು ಬಿಸಿಯ ಮಿತಿ ಮಾತ್ರ ಬೇರೆ.

ಮಾಸ್ಕ್ ಹಾಕಿಕೊಂಡು ಮುಂದೆ ಓದಿ

ಒಣ ನ್ಯಾನೊಟ್ಯೂಬ್ ಮಸಿಯಂತೆ ಕಾಣುತ್ತದೆ, ಮಸಿಗಿಂತ ಹಗುರವಾಗಿ ಹಾರುತ್ತದೆ. ಉದ್ದನೆಯ, ಗಡಸಾದ ಹಲವು ಪದರದ ಟ್ಯೂಬುಗಳು ಇಲಿಗಳ ದೇಹದಲ್ಲಿ ಕಲ್ನಾರಿನಂಥ ಪರಿಣಾಮ ತೋರಿಸಿದ್ದು 2008ರಲ್ಲೇ ವರದಿಯಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಡಬ್ಲ್ಯುಸಿಎನ್‌ಟಿ-7 ಅನ್ನುವ ಬಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿಗೆ ಸೇರಿಸಿದೆ. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ, ಕೆಲಸದ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೊಗ್ರಾಂ. ಕಣ್ಣಿಗೆ ಕಂಡಿತು ಅಂದರೆ ಆ ಮಿತಿ ಎಂದೋ ದಾಟಿದೆ ಅಂತಲೇ ಅರ್ಥ.

ಹಾಗಾಗಿ ಒಣ ಪುಡಿಯನ್ನು ತೂಗುವುದು ಗ್ಲೋವ್ ಬಾಕ್ಸಿನಲ್ಲಿ ಅಥವಾ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಹುಡ್‌ನಲ್ಲಿ ಮಾತ್ರ. ಫ್ಯಾನ್ ಬಂದ್ ಮಾಡಿ. ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಹಾಕಿ. ಸರ್ಜಿಕಲ್ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಟಿಶ್ಯೂನಿಂದ ಒರೆಸಿ. ಒಂದು ಸಮಾಧಾನದ ಮಾತು: ಟ್ಯೂಬ್ ಒಮ್ಮೆ ದ್ರಾವಕಕ್ಕೆ ಇಳಿದರೆ ಹಾರುವ ಭಯ ತುಂಬಾ ಕಡಿಮೆ ಆಗುತ್ತದೆ.

ಗ್ಲೋವ್ಸ್ ವಿಷಯದಲ್ಲಿ ಹುಷಾರು. ಎಲ್ಲರ ಕೈಯಲ್ಲೂ ಕಾಣುವ ತೆಳು ನೈಟ್ರೈಲ್ ಗ್ಲೋವ್ಸನ್ನು ಮುಂದೆ ಬಳಸುವ ದ್ರಾವಕಗಳಾದ ಕ್ಲೋರೋಫಾರ್ಮ್ ಮತ್ತು ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಎರಡೂ ಬೇಗ ದಾಟುತ್ತವೆ. ಡಿಎಂಎಫ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಯಕೃತ್ತಿಗೆ ಕೆಟ್ಟದ್ದು, ಗರ್ಭಿಣಿಯರಂತೂ ದೂರವೇ ಇರಬೇಕು. ಡಿಎಂಎಫ್‌ಗೆ ಬ್ಯೂಟೈಲ್ ರಬ್ಬರ್ ಗ್ಲೋವ್ಸ್ ಸಿಕ್ಕರೆ ಒಳ್ಳೆಯದು. ನೈಟ್ರೈಲ್ ಮಾತ್ರ ಇದ್ದರೆ ಎರಡು ಜೊತೆ ಹಾಕಿ, ಹನಿ ಬಿದ್ದ ತಕ್ಷಣ ಬದಲಿಸಿ.

ಹಂತ 1: ಟ್ಯೂಬಿನ ಮೈಗೆ ಕೈ ಮೂಡಿಸುವುದು

ಹಳೆಯ, ನಂಬಿಕೆಯ ದಾರಿ ಅಂದರೆ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲದ 3:1 ಮಿಶ್ರಣ. ಇದು ಟ್ಯೂಬಿನ ತುದಿಗಳಲ್ಲಿ, ದೋಷ ಇರುವ ಜಾಗಗಳಲ್ಲಿ ಕಾರ್ಬಾಕ್ಸಿಲ್ ಗುಂಪುಗಳನ್ನು, ಅಂದರೆ ಆಮ್ಲಜನಕ ಇರುವ ಸಣ್ಣ ಪರಮಾಣು ಗೊಂಚಲುಗಳನ್ನು, ಮೂಡಿಸುತ್ತದೆ. ಅವೇ ಪಾಲಿಮರ್ ಹಿಡಿದುಕೊಳ್ಳುವ ಕೈಗಳು. ಜೊತೆಗೆ ತಯಾರಿಯಲ್ಲಿ ಉಳಿದ ಕಬ್ಬಿಣ, ನಿಕಲ್‌ನಂಥ ಲೋಹದ ಚೂರುಗಳೂ ತೊಳೆದುಹೋಗುತ್ತವೆ.

ಅಳತೆ ಹೀಗೆ: ಹಲವು ಪದರದ ಟ್ಯೂಬ್ 500 ಮಿಲಿಗ್ರಾಂ, ಗಾಢ ಗಂಧಕಾಮ್ಲ 60 ಮಿ.ಲೀ., ಗಾಢ ನೈಟ್ರಿಕ್ ಆಮ್ಲ 20 ಮಿ.ಲೀ. ಮೊದಲು ಐಸ್ ಮೇಲೆ ಇಟ್ಟು ಎರಡು ಆಮ್ಲಗಳನ್ನು ನಿಧಾನವಾಗಿ ಬೆರೆಸಿ. ತಣಿದ ಮೇಲೆ ಟ್ಯೂಬ್ ಹಾಕಿ. ಫ್ಲಾಸ್ಕನ್ನು ಬಾತ್ ಸೋನಿಕೇಟರಿನಲ್ಲಿ (ಶಬ್ದದ ಅಲೆಗಳಿಂದ ಅಲುಗಿಸುವ ನೀರಿನ ತೊಟ್ಟಿ) 40ರಿಂದ 50 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ ಇಡಿ. ಎಲ್ಲವೂ ಫ್ಯೂಮ್ ಹುಡ್ ಒಳಗೆ. ಮುಚ್ಚಳ ಬಿಗಿ ಮಾಡಬೇಡಿ, ಕಂದು ಬಣ್ಣದ ಅನಿಲ ಬರುತ್ತದೆ.

ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಕೈ ಮೂಡುತ್ತವೆ, ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಅಲ್ಲ. ಹೊತ್ತು ಹೆಚ್ಚಿದಂತೆ ಆಮ್ಲ ಟ್ಯೂಬನ್ನು ಕತ್ತರಿಸುತ್ತದೆ. ತುಂಡಾದ ಟ್ಯೂಬ್ ಭಾರ ಹೊರಲಾರದು. ಮಣ್ಣಿನ ಗೋಡೆಗೆ ಹುಲ್ಲು ಕಲಸುವವರು ಹುಲ್ಲನ್ನು ಪುಡಿ ಮಾಡಿ ಹಾಕುತ್ತಾರೆಯೇ? ಉದ್ದ ಇದ್ದರೇ ಹುಲ್ಲಿಗೆ ಬೆಲೆ. ನಾನು ಮೊದಲ ಸಲ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಸಿಕ್ಕಿದ್ದು ನೀರಿನಲ್ಲಿ ಅದ್ಭುತವಾಗಿ ಹರಡುವ, ಎಳೆಗೆ ಏನೇನೂ ಬಲ ಕೊಡದ ಕಪ್ಪು ಶಾಯಿ.

ಸಮಯ ಮುಗಿದ ಮೇಲೆ ಇದನ್ನು ಒಂದು ಲೀಟರ್ ತಣ್ಣನೆಯ ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಆಮ್ಲ ನೀರಿಗೆ, ನೀರು ಆಮ್ಲಕ್ಕಲ್ಲ. ರಾತ್ರಿ ಬಿಟ್ಟರೆ ಟ್ಯೂಬ್ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಬಸಿದು, ಉಳಿದದ್ದನ್ನು 0.2 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಪೊರೆಯಲ್ಲಿ ಸೋಸಿ. ಸೆಲ್ಯುಲೋಸ್ ನೈಟ್ರೇಟ್ ಪೊರೆ ಇಲ್ಲಿ ಬೇಡ, ಆಮ್ಲಕ್ಕೆ ಹಾಳಾಗುತ್ತದೆ. ಸೋಸಿ ಬಂದ ನೀರಿನ ಪಿಎಚ್ 6 ದಾಟುವವರೆಗೆ ತೊಳೆಯುತ್ತಾ ಇರಿ.

ಇಲ್ಲೊಂದು ವಿಚಿತ್ರ ಎದುರಾಗುತ್ತದೆ. ಆಮ್ಲ ಕಡಿಮೆಯಾದಂತೆ ಸೋಸುವುದು ನಿಧಾನವಾಗುತ್ತಾ ಹೋಗುತ್ತದೆ. ಕೊನೆಕೊನೆಗೆ ಹನಿ ಬೀಳುವುದೇ ಕಷ್ಟ. ಗಾಬರಿ ಬೇಡ, ಇದು ಒಳ್ಳೆಯ ಸುದ್ದಿ. ಕಾರ್ಬಾಕ್ಸಿಲ್ ಗುಂಪುಗಳು ಹೈಡ್ರೋಜನ್ ಬಿಟ್ಟುಕೊಟ್ಟು ಋಣ ಆವೇಶ ಪಡೆದಿವೆ, ಟ್ಯೂಬುಗಳು ಒಂದನ್ನೊಂದು ತಳ್ಳಿ ನೀರಿನಲ್ಲಿ ಬಿಡಿಬಿಡಿಯಾಗಿವೆ, ಹಾಗಾಗಿ ಪೊರೆಯ ತೂತುಗಳನ್ನೆಲ್ಲ ಮುಚ್ಚುತ್ತಿವೆ. ತಾಳ್ಮೆ ಇಲ್ಲದಿದ್ದರೆ ಸೆಂಟ್ರಿಫ್ಯೂಜ್ ಬಳಸಿ.

ಮತ್ತೊಂದು ವಿಷಯವನ್ನು ಹಲವರು ಬಿಟ್ಟೇಬಿಡುತ್ತಾರೆ. ಆಮ್ಲ ಟ್ಯೂಬನ್ನು ಕೊರೆದಾಗ ಸಣ್ಣ ಸಣ್ಣ ಕಾರ್ಬನ್ ಚೂರುಗಳೂ ಹುಟ್ಟುತ್ತವೆ. ಕಾರ್ಬಾಕ್ಸಿಲ್ ಗುಂಪು ಬಹಳಷ್ಟು ಇರುವುದು ಈ ಕಸದ ಮೇಲೆ, ಕಸ ಕೂತಿರುವುದು ಟ್ಯೂಬಿನ ಮೇಲೆ. ಪಾಲಿಮರ್ ಈ ಕಸವನ್ನು ಹಿಡಿದುಕೊಂಡರೆ ಏನು ಬಂತು? ಸಡಿಲ ಸುಣ್ಣದ ಮೇಲೆ ಬಣ್ಣ ಬಳಿದಹಾಗೆ, ಪದರ ಸಮೇತ ಕಿತ್ತು ಬರುತ್ತದೆ. ಅದಕ್ಕೇ 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಒಮ್ಮೆ ತೊಳೆಯಿರಿ. ಸೋಸಿದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಅದೇ ಕಸ. ಬಣ್ಣ ನಿಂತ ಮೇಲೆ ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಆಮೇಲೆ ನೀರಿನಲ್ಲಿ ತೊಳೆದು ಮುಗಿಸಿ.

ಒಣಗಿಸಲು ಫ್ರೀಜ್ ಡ್ರೈಯರ್ ಇದ್ದರೆ ಅದನ್ನೇ ಬಳಸಿ, ಹತ್ತಿಯಂತೆ ಬಿಡಿಯಾದ ಪುಡಿ ಸಿಗುತ್ತದೆ. ಒವನ್‌ನಲ್ಲಿ ಒಣಗಿಸಿದರೆ ಇದ್ದಿಲಿನ ಚೂರಿನಂತೆ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲು ಅರ್ಧ ದಿನ ಬೇಕು.

ಆಮ್ಲ ಇದ್ದ ಗಾಜಿನ ಸಾಮಾನನ್ನು ಅಸಿಟೋನ್‌ನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನೈಟ್ರಿಕ್ ಆಮ್ಲ ಮತ್ತು ಅಸಿಟೋನ್ ಸೇರಿದರೆ ಸ್ಫೋಟ ಆಗಬಹುದು. ಮೊದಲು ಬೇಕಾದಷ್ಟು ನೀರಿನಲ್ಲಿ ತೊಳೆಯಿರಿ. ಆಮ್ಲದ ತ್ಯಾಜ್ಯ ಮತ್ತು ದ್ರಾವಕದ ತ್ಯಾಜ್ಯ ಒಂದೇ ಕ್ಯಾನಿಗೆ ಹೋಗಬಾರದು.

ಹಂತ 2: ಕೈ ಮೂಡಿದೆಯಾ?

ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು. ಎರಡು ಸಣ್ಣ ಬಾಟಲಿಗಳಲ್ಲಿ 10 ಮಿ.ಲೀ. ನೀರು ತೆಗೆದುಕೊಂಡು, ಒಂದಕ್ಕೆ ಆಮ್ಲ ಮುಟ್ಟದ ಹಳೆಯ ಟ್ಯೂಬ್, ಇನ್ನೊಂದಕ್ಕೆ ಆಮ್ಲದಲ್ಲಿ ಮೈ ಬದಲಾದ ಹೊಸದು, ಒಂದೊಂದು ಮಿಲಿಗ್ರಾಂ ಹಾಕಿ. ಹತ್ತು ನಿಮಿಷ ಸೋನಿಕೇಟ್ ಮಾಡಿ ರಾತ್ರಿ ಬಿಡಿ. ಬೆಳಿಗ್ಗೆ ಹಳೆಯದು ತಳ ಸೇರಿರುತ್ತದೆ, ಹೊಸದು ಇನ್ನೂ ಶಾಯಿಯಂತೆ ಕಪ್ಪಾಗಿರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಆಮೇಲೆ ಉಪಕರಣಗಳು. ಎಫ್‌ಟಿಐಆರ್‌ನಲ್ಲಿ (ಅತಿಗೆಂಪು ಬೆಳಕಿನ ಪರೀಕ್ಷೆ) ಸೆಂ.ಮೀ.ಗೆ 1,710ರಿಂದ 1,730 ಅಲೆಗಳ ಸುತ್ತ ಕಾರ್ಬೊನಿಲ್ ಗೆರೆ ಕಾಣಬೇಕು. ಟ್ಯೂಬ್ ಎಲ್ಲ ಬೆಳಕನ್ನೂ ನುಂಗುವುದರಿಂದ ಗೆರೆ ಸಣ್ಣದಾಗಿರುತ್ತದೆ, ಪೊಟ್ಯಾಶಿಯಂ ಬ್ರೋಮೈಡ್ ಗುಳಿಗೆಯಲ್ಲಿ ಟ್ಯೂಬ್ ತೀರಾ ಕಡಿಮೆ ಹಾಕಿ. ರಾಮನ್‌ನಲ್ಲಿ (ಲೇಸರ್ ಬೆಳಕಿನ ಪರೀಕ್ಷೆ) 1,350ರ ಹತ್ತಿರದ ಡಿ ಪಟ್ಟಿ ದೋಷವನ್ನೂ, 1,580ರ ಹತ್ತಿರದ ಜಿ ಪಟ್ಟಿ ಸರಿಯಾದ ಗ್ರಾಫೈಟ್ ಹೆಣಿಗೆಯನ್ನೂ ಹೇಳುತ್ತವೆ. ಡಿ ಮತ್ತು ಜಿ ಅನುಪಾತ ಸ್ವಲ್ಪ ಏರಿದ್ದರೆ ಕೆಲಸ ಸರಿಯಾಗಿದೆ. ಸಿಕ್ಕಾಪಟ್ಟೆ ಏರಿದ್ದರೆ ಟ್ಯೂಬಿಗೆ ಏಟು ಬಿದ್ದಿದೆ, ಹೊತ್ತು ಕಡಿಮೆ ಮಾಡಿ.

ನಿಮ್ಮ ಕಾಲೇಜಿನಲ್ಲಿ ರಾಮನ್ ಇಲ್ಲವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸುವ ವ್ಯವಸ್ಥೆ ಇದೆ. ಮಾದರಿಗಳನ್ನು ಕೂಡಿಸಿಟ್ಟು ಒಟ್ಟಿಗೆ ಕಳಿಸಿ.

ಟ್ಯೂಬಿನ ಮೇಲೆ ಪಿಸಿಎಲ್ ಸರಪಣಿಯನ್ನೇ ಬೆಳೆಸುವ ದಾರಿಯೂ ಇದೆ. ಕಾರ್ಬಾಕ್ಸಿಲ್ ಗುಂಪನ್ನು ಥಯೋನಿಲ್ ಕ್ಲೋರೈಡ್ ಮತ್ತು ಎಥಿಲಿನ್ ಗ್ಲೈಕಾಲ್ ಮೂಲಕ ಹೈಡ್ರಾಕ್ಸಿಲ್ ಮಾಡಿಕೊಂಡು, ಸ್ಟ್ಯಾನಸ್ ಆಕ್ಟೋಯೇಟ್ ಜೊತೆ ಕ್ಯಾಪ್ರೊಲ್ಯಾಕ್ಟೋನ್ ಹಾಕಿ, ತೇವವಿಲ್ಲದ ನೈಟ್ರೋಜನ್ ಅಡಿ 120 ಡಿಗ್ರಿಯ ಆಸುಪಾಸಿನಲ್ಲಿ ಒಂದು ದಿನ ಬಿಡುವುದು. ಹಿಡಿತ ಇದರಲ್ಲೇ ಗಟ್ಟಿ. ಆದರೆ ಮೊದಲ ಸಲಕ್ಕೆ ಬೇಡ. ಬರೀ ಕಾರ್ಬಾಕ್ಸಿಲ್ ಟ್ಯೂಬಿನಲ್ಲಿ ಒಳ್ಳೆಯ ಎಳೆ ತೆಗೆಯಲು ಬಂದ ಮೇಲೆ ಇದಕ್ಕೆ ಕೈ ಹಾಕಿ. ಟ್ರೈಟಾನ್‌ನಂಥ ಸೋಪಿನ ಸಹಾಯದಿಂದ ಹರಡುವುದು ಎಲ್ಲಕ್ಕಿಂತ ಸುಲಭ, ನಿಜ. ಆದರೆ ಆ ಸೋಪು ಎಳೆಯೊಳಗೇ ಉಳಿದು ಹಿಡಿತ ಸಡಿಲ ಮಾಡುತ್ತದೆ. ಜೀವಕೋಶ ಬೆಳೆಸುವ ಉದ್ದೇಶ ಇದ್ದರೆ ಅದರ ಹತ್ತಿರ ಹೋಗಬೇಡಿ.

ಹಂತ 3: ಗಂಟಿಲ್ಲದಂತೆ ಹರಡುವುದು

ಹತ್ತು ಮಿ.ಲೀ. ದ್ರಾವಣಕ್ಕೆ ಅಳತೆ: ಪಿಸಿಎಲ್ 1.2 ಗ್ರಾಂ (ಸರಾಸರಿ ಅಣು ತೂಕ 80,000), ಕ್ಲೋರೋಫಾರ್ಮ್ 7 ಮಿ.ಲೀ., ಡಿಎಂಎಫ್ 3 ಮಿ.ಲೀ., ಟ್ಯೂಬ್ 6 ಮಿಲಿಗ್ರಾಂ. ಇದು ಪಾಲಿಮರ್ ತೂಕದ ಶೇ 0.5. ಶೇ 0.1, 0.25, 0.5, 1 ಹೀಗೆ ಸರಣಿ ಮಾಡಿ. ಶೇ 2ರ ಮೇಲೆ ಹೋದರೆ ಗಂಟುಗಳದ್ದೇ ರಾಜ್ಯ.

ಎರಡು ದ್ರಾವಕ ಯಾಕೆ? ಪಿಸಿಎಲ್‌ಗೆ ಕ್ಲೋರೋಫಾರ್ಮ್ ಇಷ್ಟ, ಕಾರ್ಬಾಕ್ಸಿಲ್ ಟ್ಯೂಬಿಗೆ ಡಿಎಂಎಫ್ ಇಷ್ಟ. ಕ್ಲೋರೋಫಾರ್ಮ್ 61 ಡಿಗ್ರಿಗೆ ಕುದಿಯುತ್ತದೆ, ಅದೊಂದೇ ಇದ್ದರೆ ಸೂಜಿಯ ತುದಿಯಲ್ಲೇ ಒಣಗಿಬಿಡುತ್ತದೆ. 153 ಡಿಗ್ರಿಗೆ ಕುದಿಯುವ ಡಿಎಂಎಫ್ ಅದನ್ನು ತಡೆಯುತ್ತದೆ, ಜೊತೆಗೆ ವಿದ್ಯುತ್ ಸೆಳೆತಕ್ಕೂ ಅನುಕೂಲ.

ಮೊದಲು ಟ್ಯೂಬನ್ನು ಬರೀ ಡಿಎಂಎಫ್‌ಗೆ ಹಾಕಿ. ದ್ರಾವಣಕ್ಕೇ ಕಡ್ಡಿ ಇಳಿಸುವ ಪ್ರೋಬ್ ಸೋನಿಕೇಟರ್ ಇದ್ದರೆ ಐಸ್ ಮೇಲಿಟ್ಟು ಎರಡು ಸೆಕೆಂಡ್ ಆನ್, ಎರಡು ಸೆಕೆಂಡ್ ಆಫ್ ಲೆಕ್ಕದಲ್ಲಿ ಹತ್ತು ನಿಮಿಷ ಕೊಡಿ. ಬಾತ್ ಮಾತ್ರ ಇದ್ದರೆ ಒಂದೆರಡು ಗಂಟೆ, ನೀರು ಬಿಸಿಯಾದಂತೆ ಐಸ್ ಹಾಕುತ್ತಾ ಇರಿ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸಾಧಾರಣ ಮೈಕ್ರೋಸ್ಕೋಪಿನಲ್ಲಿ ನೋಡಿ. ಒಂದೊಂದೇ ಟ್ಯೂಬ್ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಏನೂ ಕಾಣದೆ ಬರೀ ಬೂದು ಬಣ್ಣ ಕಂಡರೆ ಗೆದ್ದಿರಿ. ಕಪ್ಪು ಚುಕ್ಕೆಗಳು ಕಂಡರೆ ಅವೇ ಗಂಟು, ಮತ್ತೆ ಸೋನಿಕೇಟರಿಗೆ.

ಈಗ ಪಿಸಿಎಲ್. ಇದನ್ನು ಬೇರೆ ಬಾಟಲಿಯಲ್ಲಿ ಕ್ಲೋರೋಫಾರ್ಮಿಗೆ ಹಾಕಿ ಮೂರ್ನಾಲ್ಕು ಗಂಟೆ ತಿರುವಿ ಕರಗಿಸಿಕೊಂಡಿರಿ. ಟ್ಯೂಬಿರುವ ಡಿಎಂಎಫ್‌ಗೆ ಮೊದಲು ಈ ದ್ರಾವಣದ ಹತ್ತರಲ್ಲೊಂದು ಭಾಗ ಮಾತ್ರ ಸೇರಿಸಿ, ಐದು ನಿಮಿಷ ಬಾತ್‌ನಲ್ಲಿಡಿ. ಪಾಲಿಮರ್ ಸರಪಣಿಗಳು ಟ್ಯೂಬನ್ನು ಸುತ್ತಿಕೊಂಡು ಮತ್ತೆ ಅಂಟದಂತೆ ಕಾಯುತ್ತವೆ. ಆಮೇಲೆ ಉಳಿದದ್ದನ್ನು ಸೇರಿಸಿ, ಮುಚ್ಚಳ ಬಿಗಿ ಮಾಡಿ ರಾತ್ರಿಯಿಡೀ ತಿರುಗಲು ಬಿಡಿ.

ಪಾಲಿಮರ್ ಸೇರಿದ ಮೇಲೆ ಪ್ರೋಬ್ ಸೋನಿಕೇಟರ್ ಮುಟ್ಟಬೇಡಿ. ಅದು ಪಾಲಿಮರ್ ಸರಪಣಿಯನ್ನೇ ತುಂಡರಿಸುತ್ತದೆ. ಅಣು ತೂಕ ಇಳಿಯುತ್ತದೆ, ದ್ರಾವಣ ನೀರಾಗುತ್ತದೆ, ಎಳೆಯಲ್ಲಿ ಮಣಿ ಮೂಡುತ್ತದೆ. ಕೊನೆಗೆ ಬಲ ಕಡಿಮೆ ಬಂತು ಅಂತ ಪಾಪದ ಟ್ಯೂಬಿಗೆ ಬೈಯುತ್ತೀರಿ.

ಹಂತ 4: ಎಳೆ ತೆಗೆಯುವುದು

ವಿದ್ಯುತ್ತಿನಿಂದ ಎಳೆ ತೆಗೆಯುವುದು ಹೊಸದೇನಲ್ಲ. ಅಮೆರಿಕದಲ್ಲಿ 1902ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ಸೂಜಿ ತುದಿಯ ಹನಿ ಶಂಕುವಾಗಿ ಚೂಪಾಗುವುದನ್ನು ಬ್ರಿಟಿಷ್ ಭೌತವಿಜ್ಞಾನಿ ಜಿ.ಐ. ಟೇಲರ್ 1964ರಲ್ಲಿ ಲೆಕ್ಕ ಹಾಕಿ ತೋರಿಸಿದರು, ಅದಕ್ಕೇ ಟೇಲರ್ ಶಂಕು ಅನ್ನುವ ಹೆಸರು. ಬಾಂಬೆ ಮಿಠಾಯಿ ಯಂತ್ರ ಸಕ್ಕರೆ ಪಾಕವನ್ನು ತಿರುಗುವ ರಭಸದಿಂದ ಎಳೆ ಮಾಡುತ್ತದಲ್ಲ, ಇಲ್ಲಿ ಆ ಕೆಲಸವನ್ನು ವೋಲ್ಟೇಜ್ ಮಾಡುತ್ತದೆ.

ಶುರು ಮಾಡಲು: ಮೊಂಡು ತುದಿಯ 22 ಗೇಜ್ ಸೂಜಿ, ಗಂಟೆಗೆ 0.8 ಮಿ.ಲೀ. ಹರಿವು, ಸೂಜಿಯಿಂದ ಕಲೆಕ್ಟರಿಗೆ (ಎಳೆ ಬಂದು ಕೂರುವ ತಟ್ಟೆ) 15 ಸೆಂ.ಮೀ., 12ರಿಂದ 15 ಕಿಲೋವೋಲ್ಟ್. ಕ್ಲೋರೋಫಾರ್ಮ್ ಕೆಲವು ಪ್ಲಾಸ್ಟಿಕ್ ಸಿರಿಂಜನ್ನು ಕರಗಿಸುತ್ತದೆ, ರಬ್ಬರ್ ತುದಿಯನ್ನು ಉಬ್ಬಿಸುತ್ತದೆ. ಗಾಜಿನ ಸಿರಿಂಜ್ ಬಳಸಿ.

ಮೊದಲು ಟ್ಯೂಬಿಲ್ಲದ ದ್ರಾವಣದಲ್ಲಿ ಎಲ್ಲ ಹೊಂದಿಸಿಕೊಳ್ಳಿ. ಆಮೇಲೆ ಟ್ಯೂಬಿನದು ಹಾಕಿದಾಗ ಅದೇ ವೋಲ್ಟೇಜಿಗೆ ಧಾರೆ ಹುಚ್ಚೆದ್ದು ಕುಣಿಯಬಹುದು. ದ್ರಾವಣ ವಿದ್ಯುತ್ತನ್ನು ಈಗ ಹೆಚ್ಚು ಒಯ್ಯುತ್ತಿದೆ. ಒಂದೆರಡು ಕಿಲೋವೋಲ್ಟ್ ಇಳಿಸಿ ನೋಡಿ. ಸೂಜಿ ತುದಿಯಲ್ಲಿ ಒಂದೇ ಒಂದು ನೆಟ್ಟಗಿನ ಶಂಕು ನಿಲ್ಲಬೇಕು. ಹನಿ ತೊಟ್ಟಿಕ್ಕಿದರೆ ಹರಿವು ಇಳಿಸಿ ಅಥವಾ ವೋಲ್ಟೇಜ್ ಏರಿಸಿ. ಶಂಕು ಸೂಜಿಯೊಳಗೆ ಸರಿದುಹೋದರೆ ವೋಲ್ಟೇಜ್ ಜಾಸ್ತಿಯಾಗಿದೆ. ಎಳೆಯಲ್ಲಿ ಮಣಿ ಮಣಿ ಕಂಡರೆ ಪಾಲಿಮರ್ ಶೇ 12ರಿಂದ 13, 14ಕ್ಕೆ ಏರಿಸಿ. ಬೇರೆ ಗುಂಡಿಗಳನ್ನು ತಿರುಗಿಸಿ ಒದ್ದಾಡುವುದಕ್ಕಿಂತ ಇದೇ ಬೇಗ ಫಲ ಕೊಡುತ್ತದೆ.

ಗಾಳಿಯ ತೇವದ ಬಗ್ಗೆ ಹೇಳಲೇಬೇಕು. ಶೇ 40ರಿಂದ 50 ಇದ್ದರೆ ಕೆಲಸ ಸಲೀಸು. ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಎಳೆ ತೆಗೆಯಲು ಕೂತವರಿಗೆ ಗೊತ್ತು ಅದರ ಗೋಳು. ಕ್ಲೋರೋಫಾರ್ಮ್ ಆರುವಾಗ ಎಳೆಯ ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಹನಿಗಟ್ಟುತ್ತದೆ, ಒಣಗಿದ ಮೇಲೆ ಮೈತುಂಬ ತೂತು. ಡಿಎಂಎಫ್ ಬೇರೆ ಗಾಳಿಯ ನೀರನ್ನು ಹೀರುತ್ತದೆ. ತೂತಿರುವ ಎಳೆಗೂ ತೂತಿಲ್ಲದ ಎಳೆಗೂ ಬಲ ಹೋಲಿಸಿದರೆ ಅದು ಟ್ಯೂಬಿನ ಪರೀಕ್ಷೆ ಅಲ್ಲ, ಮಳೆಯ ಪರೀಕ್ಷೆ. ಡಿಹ್ಯುಮಿಡಿಫೈಯರ್ ಇಡಿ. ಅದೂ ಇಲ್ಲದಿದ್ದರೆ ಎಲ್ಲ ಮಾದರಿಗಳನ್ನೂ ಒಂದೇ ಹವೆಯಲ್ಲಿ ತೆಗೆಯಿರಿ. ಪ್ರತಿ ಸಲ ತೇವ, ಉಷ್ಣತೆ ಬರೆದಿಡಿ.

ಎಳೆಗಳು ಒಂದೇ ದಿಕ್ಕಿಗೆ ಮಲಗಬೇಕಿದ್ದರೆ ತಿರುಗುವ ಡ್ರಮ್ ಬೇಕು. 10 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಅದರ ಮೈ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಎಳೆಗಳು ಸಾಲಾಗಲು ಸಾಮಾನ್ಯವಾಗಿ ಈ ಆಸುಪಾಸಿನ ವೇಗ ಬೇಕಾಗುತ್ತದೆ.

ವೋಲ್ಟೇಜ್ ಬಂದ್ ಮಾಡಿದ ಮೇಲೂ ಸೂಜಿಯಲ್ಲಿ ಆವೇಶ ಉಳಿದಿರಬಹುದು. ಅರ್ತ್ ಕಡ್ಡಿ ಮುಟ್ಟಿಸಿಯೇ ಕೈ ಹಾಕಿ.

ಎಳೆಗಳು ಪೇರಿಕೊಂಡು ಆದ ಹಾಳೆಯನ್ನು ನಿರ್ವಾತದಲ್ಲಿ, ಕೋಣೆಯ ಬಿಸಿಯಲ್ಲೇ, ಒಂದೆರಡು ದಿನ ಒಣಗಿಸಿ. ಡಿಎಂಎಫ್ ಉಳಿದರೆ ಪಾಲಿಮರ್ ಮೆದುವಾಗುತ್ತದೆ. ಬೇಗ ಆಗಲಿ ಅಂತ ಹಾಳೆಯನ್ನು 60 ಡಿಗ್ರಿ ಒವನ್‌ಗೆ ಹಾಕಿ ಮನೆಗೆ ಹೋದವರೊಬ್ಬರನ್ನು ಬಲ್ಲೆ. ಪಿಸಿಎಲ್ ಕರಗುವುದೂ ಸರಿಸುಮಾರು 60 ಡಿಗ್ರಿಗೇ. ಬೆಳಿಗ್ಗೆ ನ್ಯಾನೊ ಎಳೆ ಹೋಗಿ ಒಂದು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿತ್ತು. ಆ ಒಬ್ಬರು ನಾನೇ.

ಹಂತ 5: ಬಲ ನಿಜವಾಗಿ ಬಂತಾ?

ಎಸ್‌ಇಎಂ (ಮೈಯನ್ನು ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರಗಳಲ್ಲಿ ಕನಿಷ್ಠ ನೂರು ಎಳೆಗಳ ವ್ಯಾಸವನ್ನು ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯಿರಿ. ಟ್ಯೂಬ್ ಎಳೆಯೊಳಗಿದೆಯೋ, ಹೊರಗೆ ಅಂಟಿದೆಯೋ ಅಂತ ನೋಡಲು ಟಿಇಎಂ (ಒಳಗನ್ನು ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬೇಕು. ಎಳೆ ತೆಗೆಯುವಾಗಲೇ ಟಿಇಎಂ ಜಾಲರಿಯನ್ನು ಧಾರೆಯ ಕೆಳಗೆ ಕೆಲವೇ ಸೆಕೆಂಡ್ ಹಿಡಿದರೆ ಸಾಕು.

ವ್ಯಾಸ ಅಳೆಯುವುದು ಬರೀ ಅಲಂಕಾರಕ್ಕಲ್ಲ. ಟ್ಯೂಬ್ ಹಾಕಿದರೆ ದ್ರಾವಣ ವಿದ್ಯುತ್ತನ್ನು ಹೆಚ್ಚು ಒಯ್ದು ಎಳೆ ತೆಳ್ಳಗಾಗುತ್ತದೆ. ತೆಳ್ಳನೆಯ ಎಳೆ ತನ್ನಷ್ಟಕ್ಕೇ ಹೆಚ್ಚು ಬಿಗಿ, ಅದರೊಳಗಿನ ಸರಪಣಿಗಳು ಹೆಚ್ಚು ಸಾಲಾಗಿರುತ್ತವೆ. ಆಗ ಬಂದ ಬಲ ಟ್ಯೂಬಿನದೋ, ವ್ಯಾಸದ್ದೋ? ಇದಕ್ಕೆ ಉತ್ತರ ಬೇಕಿದ್ದರೆ ಅಷ್ಟೇ ವ್ಯಾಸದ, ಟ್ಯೂಬಿಲ್ಲದ ಎಳೆಯನ್ನೂ ತೆಗೆದು ಪಕ್ಕದಲ್ಲಿಡಬೇಕು. ಜೊತೆಗೆ ಮೈ ಬದಲಾಯಿಸದ ಟ್ಯೂಬ್ ಹಾಕಿದ ಮಾದರಿಯೂ ಬೇಕು. ಈ ಎರಡು ಹೋಲಿಕೆ ಇಲ್ಲದ ವರದಿಯನ್ನು ನಾನು ಅರ್ಧ ಮನಸ್ಸಿನಿಂದಲೇ ಓದುವುದು.

ಎಳೆದು ನೋಡುವ ಪರೀಕ್ಷೆಗೆ 10 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ ಕಾಗದದ ಚೌಕಟ್ಟಿಗೆ ಅಂಟಿಸಿ. ಯಂತ್ರಕ್ಕೆ ಕಚ್ಚಿಸಿದ ಮೇಲೆ ಚೌಕಟ್ಟಿನ ಎರಡು ಬದಿ ಕತ್ತರಿಸಿ. ನಿಮಿಷಕ್ಕೆ 10 ಮಿ.ಮೀ. ವೇಗ. ಪ್ರತಿ ಮಾದರಿಗೆ ಕನಿಷ್ಠ ಆರೇಳು ಪಟ್ಟಿ.

ಎಲ್ಲಕ್ಕಿಂತ ದೊಡ್ಡ ಮೋಸ ನಡೆಯುವುದು ದಪ್ಪದ ಅಳತೆಯಲ್ಲಿ. ಹಾಳೆಯ ಮುಕ್ಕಾಲು ಭಾಗ ಗಾಳಿ. ಮೈಕ್ರೋಮೀಟರ್ ಸ್ವಲ್ಪ ಒತ್ತಿದರೂ ದಪ್ಪ ಬದಲಾಗುತ್ತದೆ. ಅದಕ್ಕೇ ತೂಕದಿಂದ ಲೆಕ್ಕ ಹಾಕಿ. ಉದಾಹರಣೆಗೆ 30 ಮಿ.ಮೀ. ಉದ್ದ, 10 ಮಿ.ಮೀ. ಅಗಲದ ಪಟ್ಟಿ 9 ಮಿಲಿಗ್ರಾಂ ತೂಗಿತು ಅಂದುಕೊಳ್ಳಿ. ತೂಕವನ್ನು ಸಾಂದ್ರತೆ 1.145 ಮತ್ತು ಉದ್ದದಿಂದ ಭಾಗಿಸಿದರೆ ನಿಜವಾದ ಪಾಲಿಮರ್ ಇರುವ ಅಡ್ಡಕೊಯ್ತ 0.262 ಚದರ ಮಿ.ಮೀ. ಪಟ್ಟಿ 2 ನ್ಯೂಟನ್‌ಗೆ ಹರಿದರೆ ಬಲ 7.6 ಮೆಗಾಪಾಸ್ಕಲ್. ಅದೇ ಪಟ್ಟಿಯ ದಪ್ಪ 0.1 ಮಿ.ಮೀ. ಅಂತ ಮೈಕ್ರೋಮೀಟರಿನಲ್ಲಿ ಅಳೆದು ಲೆಕ್ಕ ಹಾಕಿದರೆ ಬರುವುದು 2 ಮೆಗಾಪಾಸ್ಕಲ್. ಒಂದೇ ಪಟ್ಟಿ, ಎರಡು ಉತ್ತರ. ಯಾವ ದಾರಿ ಹಿಡಿದಿರಿ ಅಂತ ವರದಿಯಲ್ಲಿ ಬರೆಯಿರಿ.

ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಮಾದರಿ ಹೀರುವ ಶಾಖ ಅಳೆಯುವ ಯಂತ್ರ) ಮೊದಲ ಸಲ ಬಿಸಿ ಮಾಡಿದ ಗೆರೆಯನ್ನೇ ನೋಡಿ. ಎಳೆಯ ಚರಿತ್ರೆ ಇರುವುದು ಅದರಲ್ಲಿ, ಒಮ್ಮೆ ಕರಗಿದರೆ ಅಳಿಸಿಹೋಗುತ್ತದೆ. ಟ್ಯೂಬ್ ಪಿಸಿಎಲ್ ಹರಳುಗಟ್ಟಲು ಹೆಪ್ಪಿನಂತೆ ಕೆಲಸ ಮಾಡುತ್ತದೆ. ಹಾಗಾಗಿ ಏರಿದ ಬಲದಲ್ಲಿ ಹರಳಿನ ಪಾಲೂ ಇರಬಹುದು. ಪೂರ್ತಿ ಹರಳಾದ ಪಿಸಿಎಲ್ ಕರಗಲು ಗ್ರಾಂಗೆ 139.5 ಜೂಲ್ ಶಾಖ ಅನ್ನುವ ಲೆಕ್ಕವನ್ನು ಬಹಳ ಜನ ಬಳಸುತ್ತಾರೆ. ಟ್ಯೂಬಿನ ತೂಕ ಕಳೆದು ಲೆಕ್ಕ ಹಾಕುವುದನ್ನು ಮರೆಯಬೇಡಿ.

ಕರಗಿದ ಮೇಲೆ ಟ್ಯೂಬ್ ಎಲ್ಲಿಗೆ ಹೋಗುತ್ತದೆ?

ವೈವಾದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು. ಪಾಲಿಮರ್ ಕರಗುತ್ತದೆ, ಟ್ಯೂಬ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಬಿಳಿ ರಕ್ತಕಣಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಒಂದು ಪದರದ ಟ್ಯೂಬುಗಳನ್ನು ಒಡೆಯಬಲ್ಲದು ಅಂತ 2010ರಲ್ಲಿ ಗೊತ್ತಾಯಿತು. ಕಾರ್ಬಾಕ್ಸಿಲ್ ಗುಂಪು ಮೂಡಿಸಿದ ಟ್ಯೂಬಿಗೆ ಕಿಣ್ವ ಬೇಗ ಕೈ ಹಾಕುತ್ತದೆ. ಹಾಗಾಗಿ ಹಂತ 1ರ ಕೆಲಸದಿಂದ ಇಲ್ಲೂ ಲಾಭ ಇದೆ. ಆದರೆ ಹಲವು ಪದರದ ಟ್ಯೂಬ್ ಒಡೆಯುವುದು ಇದಕ್ಕಿಂತ ಕಷ್ಟ. ಆದ್ದರಿಂದ ನಿಮ್ಮ ಹಾಳೆಯನ್ನು "ಪೂರ್ತಿ ಕರಗುವ" ಅಂತ ಕರೆಯಬೇಡಿ. ಬೇಕಾದ ಬಲ ಶೇ 0.25ಕ್ಕೇ ಬಂದರೆ 1ರವರೆಗೆ ಯಾಕೆ ಹೋಗಬೇಕು?

ಕರಗುವ ಪರೀಕ್ಷೆಯನ್ನು 37 ಡಿಗ್ರಿಯಲ್ಲಿ, ಪಿಎಚ್ 7.4ರ ಫಾಸ್ಫೇಟ್ ಬಫರಿನಲ್ಲಿ ಮಾಡಿ, ತಿಂಗಳಿಗೊಮ್ಮೆ ತೂಕ ನೋಡಿ. ಪಿಸಿಎಲ್ ಅಲ್ಲಿ ಅಲುಗಾಡುವುದೇ ಕಷ್ಟ. ಕೋರ್ಸ್ ಮುಗಿಯುವುದರೊಳಗೆ ಏನಾದರೂ ಕಾಣಬೇಕಿದ್ದರೆ ಲೈಪೇಸ್ ಕಿಣ್ವದಲ್ಲಿ ಅಥವಾ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಒಂದು ಸಮಾನಾಂತರ ಸಾಲು ಇಡಿ. ಬಫರಿನ ಬಣ್ಣವನ್ನೂ ಗಮನಿಸಿ. ಅದು ಬೂದಾದರೆ ಟ್ಯೂಬ್ ಹೊರಬರುತ್ತಿದೆ ಅಂತ.

ಜೀವಕೋಶ ಪರೀಕ್ಷೆಗೆ ಹೋಗುವವರಿಗೆ ಎರಡು ಮಾತು. ಎಷ್ಟು ಕೋಶ ಬದುಕಿವೆ ಅಂತ ಬಣ್ಣದಿಂದ ಹೇಳುವ, ಎಲ್ಲರೂ ಮಾಡುವ ಎಂಟಿಟಿ ಪರೀಕ್ಷೆಯ ಬಣ್ಣದ ಹರಳು ನ್ಯಾನೊಟ್ಯೂಬಿಗೇ ಅಂಟಿಕೊಳ್ಳುತ್ತದೆ. ಕೋಶಗಳು ಚೆನ್ನಾಗಿದ್ದರೂ ಸತ್ತಂತೆ ಲೆಕ್ಕ ಬರುತ್ತದೆ. ಸತ್ತ ಕೋಶದಿಂದ ಸೋರುವ ಕಿಣ್ವ ಅಳೆಯುವ ಎಲ್‌ಡಿಎಚ್ ಥರದ ಬೇರೊಂದು ಪರೀಕ್ಷೆಯನ್ನೂ ಜೊತೆಗೆ ಮಾಡಿ, ಕೋಶವೇ ಇಲ್ಲದ ಬರೀ ಹಾಳೆಯನ್ನೂ ಒಂದು ಗುಳಿಯಲ್ಲಿ ಇಡಿ. ಇನ್ನು ಹಾಳೆಯನ್ನು ಶುದ್ಧ ಮಾಡಲು ಆಟೋಕ್ಲೇವ್‌ಗೆ ಹಾಕಬೇಡಿ, ಅಲ್ಲಿ 121 ಡಿಗ್ರಿ. ಶೇ 70ರ ಎಥನಾಲ್‌ನಲ್ಲಿ ಅರ್ಧ ಗಂಟೆ ಅದ್ದಿ, ಬರಡು ಬಫರಿನಲ್ಲಿ ಮೂರು ಸಲ ತೊಳೆದು, ಎರಡೂ ಬದಿಗೆ ಯುವಿ ಕೊಟ್ಟರೆ ಲ್ಯಾಬಿನ ಮಟ್ಟಿಗೆ ಸಾಕಾಗುತ್ತದೆ.